ಒಂದೇ ಲೋಡ್ ನಂಬಿದರೆ ಗಾಡಿ ನಿಲ್ಲುತ್ತದೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಮೊದಲು ನೇಗಿಲು ನಿಲ್ಲುತ್ತದೆ, ಆಮೇಲೆ ಎಣ್ಣೆ ಮಿಲ್ಲು, ಅದರ ಬೆನ್ನಿಗೇ ಲಾರಿ. ಬಳ್ಳಾರಿ ಕಡೆ ಅದಿರು ನಿಂತರೆ ಮೊಳಕಾಲ್ಮೂರು ತಾಲ್ಲೂಕಿನ ಟಿಪ್ಪರ್‌ಗಳೂ ನಿಲ್ಲುತ್ತವೆ. ಆರ್ಥಿಕ ಹಿಂಜರಿತದ ಸುದ್ದಿ ಟಿ.ವಿ.ಯಲ್ಲಿ ಬರುವ ಮೊದಲೇ ಇಲ್ಲಿನ ಲಾರಿ ಚಾಲಕರಿಗೆ ಅದರ ಬಿಸಿ ತಟ್ಟಿರುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಾಳಿ ಬರುವುದು ತಡವಾಗುತ್ತದೆ, ಬಾಡಿಗೆ ಇಳಿಯುತ್ತದೆ, ಬಾಟಾ ಕಡಿಮೆಯಾಗುತ್ತದೆ. ಓನರ್ ಮೊದಲು ಕ್ಲೀನರ್‌ನನ್ನು ಬಿಡಿಸುತ್ತಾರೆ, ಕಡೆಗೆ ಚಾಲಕನಿಂದ ಕೀ ವಾಪಸ್ ಕೇಳುತ್ತಾರೆ.

ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಈ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಮಳೆಯಾಶ್ರಿತ ಹೊಲದಿಂದ ಮನೆ ನಡೆಯದ ಎಷ್ಟೋ ಕುಟುಂಬಗಳಿಗೆ ಸ್ಟೇರಿಂಗೇ ಎರಡನೇ ಬೆಳೆ. ಆ ಬೆಳೆಯೂ ಒಣಗದಂತೆ ನೋಡಿಕೊಳ್ಳುವುದು ಹೇಗೆ?

2011 ಕಲಿಸಿದ್ದು

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2000ದ ನಂತರದ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಬಳ್ಳಾರಿ, ಸಂಡೂರು, ಹೊಸಪೇಟೆಯ ಸುತ್ತ ಲಾರಿಗಳು ಸಾಲುಗಟ್ಟಿದವು. ಸಾಲ ಮಾಡಿ ಗಾಡಿ ತಂದವರಿದ್ದರು, ಓದು ಬಿಟ್ಟು ಸ್ಟೇರಿಂಗ್ ಹಿಡಿದ ಹುಡುಗರಿದ್ದರು. 2008ರ ಜಾಗತಿಕ ಕುಸಿತ ಮೊದಲ ಎಚ್ಚರಿಕೆ ಕೊಟ್ಟಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ನಿಲ್ಲಿಸಿತು. ಕಂತು ಕಟ್ಟಲಾಗದ ಲಾರಿಗಳನ್ನು ಫೈನಾನ್ಸಿನವರು ಎಳೆದೊಯ್ದರು.

ಗಣಿ ಲೂಟಿಗೆ ತಡೆ ಬಿದ್ದದ್ದು ನ್ಯಾಯವೇ. ಗುಡ್ಡ, ಹೊಲ, ರಸ್ತೆ ಎಲ್ಲವೂ ಹಾಳಾಗಿದ್ದವು. ಆದರೆ ಲೂಟಿಯಲ್ಲಿ ಪಾಲಿಲ್ಲದ ಚಾಲಕನೂ ಅದರ ದಂಡ ತೆತ್ತ. 2013ರ ಏಪ್ರಿಲ್ 18ರ ತೀರ್ಪಿನ ನಂತರ ಗಣಿಗಳು ಮಿತಿಯೊಳಗೆ ಮತ್ತೆ ಶುರುವಾದವು. 2022ರಲ್ಲಿ ಆ ಮಿತಿಯನ್ನು ಬಳ್ಳಾರಿಗೆ ವರ್ಷಕ್ಕೆ 3.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 1.5 ಕೋಟಿ ಟನ್‌ಗೆ ಏರಿಸಲಾಯಿತು. ಹಾಗೆಂದು ಹಳೆಯ ಕಾಲ ಹಾಗೇ ಮರಳುವುದಿಲ್ಲ. ಅದಿರಿನ ದೊಡ್ಡ ಪಾಲು ಈಗ ರೈಲು ಮತ್ತು ಕನ್ವೇಯರ್ ಬೆಲ್ಟುಗಳ ಪಾಲಾಗುತ್ತಿದೆ. 2018ರಲ್ಲಿ ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು. ಅಷ್ಟೇ ಸರಕಿಗೆ ಈಗ ಕಡಿಮೆ ಗಾಡಿ ಸಾಕು, ಕಡಿಮೆ ಚಾಲಕರು ಸಾಕು.

ಸರಕು ಬದಲಾದರೆ ಕೈಯೂ ಬದಲಾಗಬೇಕು

ಗಣಿ ನಿಂತಾಗ ಟಿಪ್ಪರ್ ಬಿಟ್ಟು ದೂರದೂರಿನ ಲೈನ್ ಗಾಡಿ ಹತ್ತಲು ಎಲ್ಲ ಚಾಲಕರಿಗೂ ಸುಲಭವಾಗಿರಲಿಲ್ಲ. ಅದಿರಿನ ಕೆಲಸ ಟ್ರಿಪ್ ಲೆಕ್ಕದ್ದು: ತುಂಬು, ಓಡು, ಸುರಿ, ಮತ್ತೆ ಓಡು. ಅದಿರು ಭಾರದ ಸರಕು, ಬಾಡಿ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಶೇಂಗಾ ಇದಕ್ಕೆ ತದ್ವಿರುದ್ಧ. ಸಿಪ್ಪೆಸಹಿತ ಕಾಯಿ ಹಗುರ. ಚೀಲಗಳು ಬಾಡಿಯ ಮೇಲೆ ಆಳೆತ್ತರ ಏರುತ್ತವೆ, ಹಗ್ಗ ಒಂದು ಬದಿಯಲ್ಲಿ ಸಡಿಲವಾದರೂ ತಿರುವಿನಲ್ಲಿ ಇಡೀ ಲೋಡು ವಾಲುತ್ತದೆ.

ಈರುಳ್ಳಿಯದು ಬೇರೆಯೇ ಕಥೆ. ಅದಕ್ಕೆ ಗಾಳಿ ಬೇಕು. ತಾಡಪಾಲು ಬಿಗಿದು ರಾತ್ರಿಯಿಡೀ ಮುಚ್ಚಿಟ್ಟರೆ ಚೀಲಗಳು ಬೆವರುತ್ತವೆ, ಒಂದು ಗಡ್ಡೆ ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ. ಮುಚ್ಚದೆ ಬಿಟ್ಟರೆ ಮಳೆಯ ಭಯ. ಬೆಂಗಳೂರಿಗೆ ಹೊರಟ ಅನುಭವಿ ಚಾಲಕ ಹಿರಿಯೂರು, ಸಿರಾ ದಾಟುವಾಗ ಮೋಡದ ಮೇಲೊಂದು ಕಣ್ಣಿಟ್ಟಿರುತ್ತಾನೆ. ಹನಿ ಬಿದ್ದರೆ ಗಾಡಿ ಬದಿಗೆ ಹಾಕಿ ತಾಡಪಾಲು ಎಳೆಯುತ್ತಾನೆ, ಮಳೆ ನಿಂತ ಕೂಡಲೇ ಇಳಿದು ಎರಡೂ ಬದಿಯ ಅಂಚನ್ನು ಎತ್ತಿ ಕಟ್ಟುತ್ತಾನೆ. ರೈತನ ನಾಲ್ಕು ತಿಂಗಳ ದುಡಿಮೆ ಆ ಒಂದು ರಾತ್ರಿ ಅವನ ಕೈಯಲ್ಲಿರುತ್ತದೆ. ಇದನ್ನು ಬಲ್ಲವನನ್ನು ವ್ಯಾಪಾರಿಗಳು ಹೆಸರು ಹಿಡಿದು ಕರೆಸುತ್ತಾರೆ, ಬಾಡಿಗೆ ಕಡಿಮೆಯಿರುವ ಕಾಲದಲ್ಲೂ ಕರೆಸುತ್ತಾರೆ.

ನಮ್ಮ ಸುತ್ತಲೇ ಹೊಸ ಸರಕುಗಳೂ ಹುಟ್ಟಿವೆ. ಚಿತ್ರದುರ್ಗದ ಗುಡ್ಡಗಳಿಗೆ ಗಾಳಿಯಂತ್ರದ ರೆಕ್ಕೆಗಳನ್ನು ಉದ್ದನೆಯ ಟ್ರೇಲರ್‌ಗಳೇ ಹೊರಬೇಕು. ಜಿಲ್ಲೆಯ ಗಡಿಯಾಚೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ, ಅದರ ಫಲಕಗಳೂ ಲಾರಿಯ ಸರಕೇ. ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್‌ಗಳು ಹೊರಡುತ್ತವೆ. ಇವೆಲ್ಲ ಸರಪಳಿ, ಆಪು, ಅಳತೆ, ತಾಳ್ಮೆ ಬೇಡುವ ಕೆಲಸಗಳು. ಟ್ರೇಲರ್ ಹಿಮ್ಮುಖ ಹಾಕಲು ಕಲಿತವನಿಗೆ ಟಿಪ್ಪರ್ ನಿಂತರೂ ದಾರಿ ಉಳಿದಿರುತ್ತದೆ.

ಕಾಗದವೇ ಬಂಡವಾಳ

ಚಾಲಕನಿಗೆ ಹೊಲದ ಪಹಣಿಯಷ್ಟೇ ಮುಖ್ಯ ಡಿ.ಎಲ್. ಸಾಮಾನ್ಯ ಸರಕು ಮತ್ತು ಪ್ರಯಾಣಿಕ ವಾಹನಗಳ ಪರವಾನಗಿಗೆ 2019ರ ತಿದ್ದುಪಡಿಯ ನಂತರ ಐದು ವರ್ಷ ಅವಧಿ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಕೆಲಸವಿಲ್ಲವೆಂದು ಡಿ.ಎಲ್. ಪೆಟ್ಟಿಗೆಯಲ್ಲಿಟ್ಟು ಮರೆತವರು ಕೆಲಸ ಬಂದ ದಿನ ಪೇಚಾಡುತ್ತಾರೆ.

ಪೆಟ್ರೋಲ್, ಅಡುಗೆ ಅನಿಲ, ಆಮ್ಲದಂಥ ಅಪಾಯಕಾರಿ ಸರಕಿಗೆ ಬೇಡಿಕೆ ಹಿಂಜರಿತದಲ್ಲೂ ಪೂರ್ತಿ ಬೀಳುವುದಿಲ್ಲ. ಆ ಗಾಡಿ ಓಡಿಸಲು ಮೂರು ದಿನಗಳ ತರಬೇತಿ ಪಡೆದು ಡಿ.ಎಲ್.ನಲ್ಲಿ ನಮೂದು ಮಾಡಿಸಬೇಕು. ಕನ್ನಡದಂಥ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಕೂಡ ಓದಿ ಬರೆಯಲು ಬರಬೇಕೆಂಬ ನಿಯಮವಿದೆ. ಟ್ಯಾಂಕರ್ ಮೇಲಿನ ಎಚ್ಚರಿಕೆ ಓದಲಾಗದಿದ್ದರೆ ಜೀವಕ್ಕೇ ಕುತ್ತು. ಸಾರಿಗೆ ನಿಗಮಗಳ ಚಾಲಕ ಹುದ್ದೆಗೆ ಭಾರಿ ಪ್ರಯಾಣಿಕ ವಾಹನದ ಪರವಾನಗಿ, ಬ್ಯಾಡ್ಜ್, ಎಸ್ಸೆಸ್ಸೆಲ್ಸಿ ಬೇಕಾಗುತ್ತವೆ. ಲಾರಿ ಹತ್ತಲು ಹತ್ತನೇ ತರಗತಿ ಬಿಟ್ಟ ಹುಡುಗ ಆ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ಮುಗಿಸುವುದು ಬಿಡುವಿನ ಕಾಲದ ಅತ್ಯುತ್ತಮ ದುಡಿಮೆ. ಭಾರಿ ಪರವಾನಗಿ ಇಲ್ಲದವರಿಗೂ ಒಂದು ಅನುಕೂಲವಿದೆ. ಲಘು ವಾಹನದ ಡಿ.ಎಲ್. ಇದ್ದವರು 7,500 ಕೆ.ಜಿ.ವರೆಗಿನ ಸರಕು ವಾಹನ ಓಡಿಸಬಹುದೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಓನರ್ ಯಾರನ್ನು ಉಳಿಸಿಕೊಳ್ಳುತ್ತಾರೆ?

ನಾಲ್ಕು ಗಾಡಿಯಲ್ಲಿ ಎರಡನ್ನು ನಿಲ್ಲಿಸಬೇಕಾದಾಗ ಓನರ್ ನೋಡುವುದು ಡೀಸೆಲ್, ಟಯರು ಮತ್ತು ದಂಡದ ಲೆಕ್ಕ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿ.ಎಸ್.6 ಲಾರಿಗಳಲ್ಲಿ ಆ್ಯಡ್‌ಬ್ಲೂ (ಹೊಗೆ ಶುದ್ಧಗೊಳಿಸುವ ದ್ರವ) ಖಾಲಿಯಾದ ದೀಪ ಹತ್ತಿದರೂ ಓಡಿಸುತ್ತ ಹೋದರೆ ಎಂಜಿನ್ ಶಕ್ತಿ ತಾನಾಗಿ ಕುಗ್ಗುತ್ತದೆ. ಸರಕು ಸಾಗಣೆಯ ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ. ದಾರಿಯಲ್ಲಿ ಗಾಡಿ ಕೆಟ್ಟು ಅವಧಿ ಮೀರುವಂತಿದ್ದರೆ ಸಮಯಕ್ಕೆ ಫೋನ್ ಮಾಡಿ ತಿಳಿಸುವ ಚಾಲಕ ಓನರ್‌ಗೆ ಸಾವಿರಾರು ರೂಪಾಯಿ ಉಳಿಸುತ್ತಾನೆ. ಬೆಳಿಗ್ಗೆ ಹೊರಡುವ ಮುನ್ನ ಟಯರ್‌ಗಳನ್ನು ಒಂದೊಂದಾಗಿ ರಾಡಿನಿಂದ ತಟ್ಟಿ ಸದ್ದು ಕೇಳುವವನ ಗಾಡಿ ದಾರಿಯಲ್ಲಿ ನಿಲ್ಲುವುದು ಕಡಿಮೆ.

ಕುಡಿತ, ನಿದ್ದೆಗಣ್ಣಿನ ಓಟ, ಓವರ್‌ಲೋಡ್ ಇವು ಒಳ್ಳೆಯ ಕಾಲದಲ್ಲಿ ಮುಚ್ಚಿಹೋಗುತ್ತವೆ, ಕೆಟ್ಟ ಕಾಲದಲ್ಲಿ ಕೆಲಸ ತೆಗೆಯುತ್ತವೆ. ಆದರೆ ನಿದ್ದೆಗೆಟ್ಟು ಓಡಿಸುವುದು ಚಾಲಕನೊಬ್ಬನ ತಪ್ಪಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ಬಾಡಿಗೆ ಬಿದ್ದಾಗ ಆ ನಷ್ಟವನ್ನು ಚಾಲಕನ ನಿದ್ದೆಯಿಂದ ತುಂಬಿಸಿಕೊಳ್ಳುವುದು ಅನ್ಯಾಯ.

ಇನ್ನೊಂದು ಮಾತು. ಲೋಡು ತುಂಬಿ ತುಳುಕುವ ಕಾಲದಲ್ಲಿ ಸಾಲ ಮಾಡಿ ಸ್ವಂತ ಗಾಡಿ ತರುವ ಆಸೆ ಸಹಜ. ಗಾಡಿ ಆರು ತಿಂಗಳು ನಿಂತರೂ ಕಂತು ಕಟ್ಟಲು ಸಾಧ್ಯವೇ ಎಂದು ಮೊದಲು ಲೆಕ್ಕ ಹಾಕಬೇಕು. ಸಾಧ್ಯವಿಲ್ಲದಿದ್ದರೆ ಇನ್ನೊಂದಿಷ್ಟು ಕಾಲ ಬೇರೆಯವರ ಗಾಡಿಯೇ ಲೇಸು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷ ರೂಪಾಯಿ ಅಪಘಾತ ವಿಮೆ ಇದೆ. ಸಾರಿಗೆ ಕಾರ್ಮಿಕರಿಗೆಂದೇ ರಾಜ್ಯದಲ್ಲಿ ಕಲ್ಯಾಣ ಮಂಡಳಿಯೂ ಇದೆ. ಎರಡರಲ್ಲೂ ಹೆಸರು ಇರಲಿ.

ಸರ್ಕಾರ ಮಾಡಬೇಕಾದ್ದು

ಚಾಲಕನಿಗೆ ಬುದ್ಧಿ ಹೇಳಿ ಕೈತೊಳೆದುಕೊಂಡರೆ ಸಾಲದು. ಗಣಿಬಾಧಿತ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ, ಅದನ್ನು ಬಳಸಬೇಕಾದ ಆದ್ಯತೆಯ ಕ್ಷೇತ್ರಗಳಲ್ಲಿ ಕೌಶಲ ತರಬೇತಿಯೂ ಒಂದು. ಗಣಿಯ ಏರಿಳಿತಕ್ಕೆ ಅನ್ನ ಕಳೆದುಕೊಂಡ ಚಾಲಕರಿಗಿಂತ ಆ ಹಣಕ್ಕೆ ಹೆಚ್ಚಿನ ಹಕ್ಕುದಾರರು ಬೇಕೇ? ಅಪಾಯಕಾರಿ ಸರಕಿನ ತರಬೇತಿ, ಟ್ರೇಲರ್ ತರಬೇತಿ, ಕಣ್ಣಿನ ತಪಾಸಣೆ ಮತ್ತು ಎಸ್ಸೆಸ್ಸೆಲ್ಸಿ ಸಂಜೆ ತರಗತಿಗಳು ಚಳ್ಳಕೆರೆ ಮತ್ತು ಮೊಳಕಾಲ್ಮೂರಿನಲ್ಲೇ ನಡೆಯಬೇಕು. ಜಿಲ್ಲಾಡಳಿತ ಮತ್ತು ಶಾಸಕರು ಇದನ್ನು ಮುಂದಿನ ಕ್ರಿಯಾ ಯೋಜನೆಗೇ ಸೇರಿಸಲಿ.

ಚಾಲಕ ಬಂಧುಗಳೇ, ಹಿಂಜರಿತ ಬಂದಮೇಲೆ ಕಲಿಯಲು ಕೈಯಲ್ಲಿ ದುಡ್ಡಿರುವುದಿಲ್ಲ. ಲೋಡು ಇರುವಾಗಲೇ ಡಿ.ಎಲ್. ತೆಗೆದು ಅವಧಿ ನೋಡಿಕೊಳ್ಳಿ, ಈ ವರ್ಷ ಒಂದು ಹೊಸ ಸರಕಿನ ಕೆಲಸ ಕಲಿಯಿರಿ.