ಹಿಂದಿನ ಪೆಟ್ಟನ್ನು ಮರೆಯುವ ಯಂತ್ರ

ಗುಬ್ಬಿಯ ಓದುಗರೊಬ್ಬರ ಪ್ರಶ್ನೆ: ‘ನಮ್ಮ ನಾಟಕಕ್ಕೆ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಡ್ರಮ್ಸ್ ಬರೆದಿದ್ದೇನೆ. ತಾಳ ಎಲ್ಲೂ ತಪ್ಪಿಲ್ಲ. ಕೇಳಿದರೆ ಮಾತ್ರ ಟೈಪ್‌ರೈಟರ್ ಕುಟ್ಟಿದ ಹಾಗಿದೆ. ಸ್ಟುಡಿಯೋದಲ್ಲಿ ಬಾರಿಸಿದಂತೆ ಮಾಡುವುದು ಹೇಗೆ?’ 1884ರಲ್ಲಿಯೇ ನಾಟಕ ಕಂಪನಿ ಹುಟ್ಟಿದ ಊರು. ಅಲ್ಲಿಯವರ ಕಿವಿ ಇಷ್ಟಕ್ಕೆಲ್ಲ ಒಪ್ಪುವುದಿಲ್ಲ.

ತಂತ್ರಾಂಶದಿಂದ ಹೊರಬೀಳುವ ಮಿಡಿ ಕಡತದಲ್ಲಿ ದನಿಯೇ ಇರುವುದಿಲ್ಲ. 36 ಎಂದರೆ ಬೇಸ್ ಡ್ರಮ್, 38 ಎಂದರೆ ಸ್ನೇರ್, ಪೆಟ್ಟಿನ ಜೋರಿಗೆ 1ರಿಂದ 127ರೊಳಗೆ ಒಂದು ಅಂಕಿ, ಅದು ಬೀಳಬೇಕಾದ ಹೊತ್ತು, ಅಷ್ಟೇ. ದನಿ ತುಂಬುವುದು ಸ್ಯಾಂಪ್ಲರ್. ನಿಜವಾದ ಡ್ರಮ್ಮಿನ ಪೆಟ್ಟುಗಳ ಮುದ್ರಣವನ್ನು ಅದು ಅಂಕಿ ನೋಡಿ ನುಡಿಸುತ್ತದೆ. ಅಮೆರಿಕದ ರೋಜರ್ ಲಿನ್ 1980ರಲ್ಲಿ ತಂದ ಎಲ್‌ಎಂ-1 ಯಂತ್ರದ್ದೂ ಇದೇ ಉಪಾಯ. ಆಗ ಚಿಪ್ಪಿನಲ್ಲಿ ಜಾಗ ಕಡಿಮೆ, ಒಂದೇ ಮುದ್ರಣ ಮತ್ತೆ ಮತ್ತೆ ಬರುತ್ತಿತ್ತು. ಈಗಿನ ಸ್ಯಾಂಪ್ಲರುಗಳು ಒಂದೇ ಜೋರಿನ ಹಲವು ಪೆಟ್ಟುಗಳನ್ನು ಸರದಿಯಲ್ಲಿ ನುಡಿಸುತ್ತವೆ. ಮೆಲ್ಲನೆಯ ಪೆಟ್ಟಿಗೂ ಗಟ್ಟಿ ಪೆಟ್ಟಿಗೂ ಬೇರೆ ಬೇರೆ ಮುದ್ರಣ ಬೇಕು. ಜೋರಾಗಿ ಬಡಿದಾಗ ಚರ್ಮದ ಮೇಲುಕಂಪನಗಳು ಹೆಚ್ಚು ಏಳುತ್ತವೆ, ದನಿಯ ಬಣ್ಣವೇ ಬದಲಾಗುತ್ತದೆ. ವಾಲ್ಯೂಮ್ ಏರಿಸಿದರೆ ಆ ಬಣ್ಣ ಬರುವುದಿಲ್ಲ.

ಇನ್ನು ‘ಹ್ಯೂಮನೈಸ್’ ಗುಂಡಿ. ಅದರ ಜಾಹೀರಾತು ನಂಬಬೇಡಿ. ಎಷ್ಟೋ ತಂತ್ರಾಂಶಗಳಲ್ಲಿ ಅದು ಪೆಟ್ಟುಗಳನ್ನು ಕೆಲವು ಮಿಲಿಸೆಕೆಂಡು ಅತ್ತಿತ್ತ ಸುಮ್ಮನೆ ಚೆದುರಿಸುತ್ತದೆ. ಮನುಷ್ಯ ಹಾಗೆ ತಪ್ಪುವುದಿಲ್ಲ. ಜರ್ಮನಿಯ ಗಾಟಿಂಗೆನ್‌ನ ಸಂಶೋಧಕ ಹೋಲ್ಗರ್ ಹೆನ್ನಿಗ್ ಮತ್ತು ಸಂಗಡಿಗರು ಘಾನಾದ ನುರಿತ ವಾದಕನೊಬ್ಬನಿಗೆ ಮೆಟ್ರೊನೋಮ್ ಕೇಳಿಸಿ ಬಾರಿಸಲು ಹೇಳಿ, ಪ್ರತಿ ಪೆಟ್ಟು ಎಷ್ಟು ಸರಿದಿದೆ ಎಂದು ಅಳೆದರು. 2011ರಲ್ಲಿ ಅವರು ಪ್ರಕಟಿಸಿದ್ದು ಇದು: ಈಗಿನ ಸರಿತಕ್ಕೂ ಎಷ್ಟೋ ಹಿಂದಿನ ಸರಿತಕ್ಕೂ ನಂಟಿದೆ. ಸ್ವಲ್ಪ ಹೊತ್ತು ಮುಂದೆ ವಾಲಿದವನು ನಿಧಾನಕ್ಕೆ ಹಿಂದೆ ವಾಲುತ್ತಾನೆ. ಸುಮ್ಮನೆ ಚೆದುರಿಸಿದ ಸಂಗೀತಕ್ಕಿಂತ ಈ ನಂಟು ಸೇರಿಸಿದ್ದನ್ನೇ ಕೇಳುಗರೂ ಮೆಚ್ಚಿದರು. ಆದ್ದರಿಂದ ಸರಿತವನ್ನು ಕೈಯಲ್ಲೇ ತಿದ್ದಿ, ನಾಲ್ಕಾರು ಆವರ್ತಕ್ಕೆ ಹರಡಿ. ಎಡಗೈ ಪೆಟ್ಟಿನ ಅಂಕಿಯನ್ನು ತುಸು ಇಳಿಸಿ.

ಇದೆಲ್ಲ ಪಾಶ್ಚಾತ್ಯ ಡ್ರಮ್ಮಿನ ಮಾತು. ನಾಟಕಕ್ಕೆ ತಬಲ, ಮೃದಂಗ ಬೇಕೆಂದರೆ ಒಂದು ವಾದ್ಯಕ್ಕೆ ಒಂದು ಅಂಕಿ ಸಾಲದು, ‘ನಂ’ ಪೆಟ್ಟಿಗೊಂದು, ‘ದಿಂ’ ಪೆಟ್ಟಿಗೊಂದು ಬೇಕು. ಶ್ರುತಿಯ ಮಾತೂ ಇದೆ. ಬರೀ ಚರ್ಮದ ಮೇಲುಕಂಪನಗಳು ಒಂದಕ್ಕೊಂದು ಹೊಂದದೆ ಸದ್ದಾಗುತ್ತವೆ. ಮೃದಂಗದ ಬಲಗಡೆಯ ಕಪ್ಪು ಲೇಪದ, ಅಂದರೆ ಕರಣೆಯ ಭಾರ ಅವನ್ನು ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿಗೆ ತಂದು ಕೂರಿಸುತ್ತದೆ. ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾಗಿ ತೋರಿಸಿದರು. ಹೀಗಾಗಿ ಮೃದಂಗದ ಮುದ್ರಣ ನಿಮ್ಮ ಹಾರ್ಮೋನಿಯಂ ಶ್ರುತಿಗೆ ಕೂಡಬೇಕು.

ತಮಟೆಗೆ ಕರಣೆಯಿಲ್ಲ, ಆದರೆ ಬೆಂಕಿ ಬೇಕು. ತೇವ ಹೀರಿದ ಚರ್ಮ ಸಡಿಲಾಗುತ್ತದೆ. ಕಾಯಿಸಿದರೆ ಒಣಗಿ, ಬಿಗಿದು ದನಿ ಮೇಲೇರುತ್ತದೆ, ತಣಿದಂತೆ ಮತ್ತೆ ಇಳಿಯುತ್ತದೆ. ಕುಣಿಗಲ್ ಕಡೆಯ ತಂಡವೊಂದನ್ನು ತುಮಕೂರಿನ ಸ್ಟುಡಿಯೋಗೆ ಕರೆತಂದು ಮುದ್ರಿಸುವುದಾದರೆ, ಬೆಂಕಿಗೆ ಹಿಡಿದ ಕೂಡಲೇ ಒಂದು ಸಲ, ತಣಿದ ಮೇಲೆ ಇನ್ನೊಂದು ಸಲ, ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಟ್ಟುಕೊಳ್ಳಿ. ಮೊದಲ ದೃಶ್ಯಕ್ಕೆ ಕಾದದ್ದನ್ನೂ ಕೊನೆಯ ದೃಶ್ಯಕ್ಕೆ ತಣಿದದ್ದನ್ನೂ ಸ್ಯಾಂಪ್ಲರಿಗೆ ತುಂಬಬಹುದು.