ಗುಜರಿಯ ಬಾಗಿಲಿನಿಂದ ಮರಳಿದ ಕಾರುಗಳು

ಹಳೆಯ ಕಾರನ್ನು ಮುರಿಯಲು ಹಾಕದೆ ಉಳಿಸಿಕೊಳ್ಳುವ ಹವ್ಯಾಸ ಮೊದಲು ಗಟ್ಟಿಯಾಗಿ ಬೇರುಬಿಟ್ಟದ್ದು ಬ್ರಿಟನ್ನಿನಲ್ಲಿ. ಮೋಟಾರು ವಾಹನಗಳ ವೇಗಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಕಾನೂನು ಜಾರಿಗೆ ಬಂದ ದಿನ, ಅಂದರೆ 1896ರ ನವೆಂಬರ್ 14ರಂದು, ಅಲ್ಲಿನ ಮೋಟಾರು ಮಾಲೀಕರು ಲಂಡನ್ನಿನಿಂದ ಕಡಲತೀರದ ಬ್ರೈಟನ್‌ಗೆ ಸಂಭ್ರಮದ ಸವಾರಿ ಹೊರಟಿದ್ದರು. ಅದರ ನೆನಪಿಗೆಂದು 1927ರಲ್ಲಿ ಅದೇ ದಾರಿಯಲ್ಲಿ ಹಳೆಯ ಗಾಡಿಗಳು ಓಡಿದವು. 1905ಕ್ಕಿಂತ ಮೊದಲು ತಯಾರಾದ ವಾಹನಗಳಿಗಷ್ಟೇ ಪ್ರವೇಶವಿರುವ ಆ ಓಟ ಈಗಲೂ ನಡೆಯುತ್ತಿದೆ. 1930ರಲ್ಲಿ ವೆಟರನ್ ಕಾರ್ ಕ್ಲಬ್, 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿದವು. ಎರಡನೆಯದು ಹೆಚ್ಚು ಸಿರಿವಂತರಲ್ಲದ ಆಸಕ್ತರಿಗಾಗಿಯೇ ಶುರುವಾದ ಕ್ಲಬ್ ಎಂಬುದನ್ನು ಗಮನಿಸಬೇಕು. ಬ್ರೈಟನ್ ಓಟವನ್ನೇ ಕಥೆ ಮಾಡಿಕೊಂಡ 'ಜೆನೆವೀವ್' ಎಂಬ ಸಿನಿಮಾ 1953ರಲ್ಲಿ ಬಂದಮೇಲೆ ಈ ಗೀಳು ಸಾಮಾನ್ಯರ ಮನೆಗಳಿಗೂ ಹಬ್ಬಿತು.

ಆಸಕ್ತರ ಲೆಕ್ಕದಲ್ಲಿ 1919ರಿಂದ 1930ರವರೆಗಿನ ಕಾರುಗಳು ವಿಂಟೇಜ್, ಅದಕ್ಕೂ ಹಿಂದಿನವು ವೆಟರನ್. ಕ್ಲಾಸಿಕ್ ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಗೆರೆ. 1952ರಲ್ಲಿ ಆರಂಭವಾದ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಅಮೆರಿಕ ಎರಡು ಮಹಾಯುದ್ಧಗಳ ನಡುವಿನ ಕಾಲದ ಉತ್ಕೃಷ್ಟ, ದುಬಾರಿ ಕಾರುಗಳನ್ನೇ ಮುಖ್ಯವಾಗಿ ಆ ಹೆಸರಿನಿಂದ ಕರೆದರೆ, ಭಾರತದಲ್ಲಿ 1960ರ ಅಂಬಾಸಿಡರ್ ಕೂಡ ಕ್ಲಾಸಿಕ್ಕೇ.

ಭಾರತದಲ್ಲಿ ಈ ಹವ್ಯಾಸಕ್ಕೆ ಎರಡು ಮೂಲಗಳಿವೆ. ಮೊದಲನೆಯದು ಅರಮನೆಗಳ ಲಾಯ. ಮೈಸೂರು, ಹೈದರಾಬಾದ್, ಪಟಿಯಾಲದಂಥ ಸಂಸ್ಥಾನಗಳು ರೋಲ್ಸ್ ರಾಯ್ಸ್, ಬೆಂಟ್ಲಿ, ಡೈಮ್ಲರ್ ಕಾರುಗಳನ್ನು ತರಿಸಿ, ತಮಗೆ ಬೇಕಾದಂತೆ ಮೈ ಕಟ್ಟಿಸಿಕೊಂಡಿದ್ದವು. ಸ್ವಾತಂತ್ರ್ಯದ ನಂತರ ಅವುಗಳ ಖರ್ಚು ಹೊರೆಯಾಯಿತು. 1971ರ ಕೊನೆಯಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನು ರದ್ದು ಮಾಡಿದ ಮೇಲಂತೂ ಎಷ್ಟೋ ಲಾಯಗಳು ಖಾಲಿಯಾದವು. ಒಳ್ಳೆಯ ಕಾರುಗಳನ್ನು ಅರಸಿ ವಿದೇಶಿ ವ್ಯಾಪಾರಿಗಳು ಬಂದರು. ಹಡಗೇರಿ ಹೋದವು ಕಡಿಮೆಯೇನಲ್ಲ. ಹೋಗದೆ ಉಳಿದವನ್ನು ಕೊಂಡು ಕಾಪಾಡಿದ ಮುಂಬೈ, ಕೋಲ್ಕತ್ತ, ದೆಹಲಿ, ಬೆಂಗಳೂರುಗಳ ಮೊದಲ ತಲೆಮಾರಿನ ಸಂಗ್ರಾಹಕರನ್ನು ಜನ ಆಗ ವಿಚಿತ್ರವಾಗಿಯೇ ನೋಡಿದರು. ಅವರ ಕಾರುಗಳಿಗೆ ಬೀದಿಯ ಮರ್ಯಾದೆ ತಂದುಕೊಟ್ಟವು ರ‍್ಯಾಲಿಗಳು. 'ದಿ ಸ್ಟೇಟ್ಸ್‌ಮನ್' ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಶುರುಮಾಡಿದ ಹಳೆ ಕಾರುಗಳ ರ‍್ಯಾಲಿ ದೇಶದ ಈ ಬಗೆಯ ಮೇಳಗಳಲ್ಲಿ ಹಿರಿಯದು.

ಎರಡನೆಯ ಮೂಲ ಕಾರ್ಖಾನೆ. ಅರಮನೆಯ ಕಾರುಗಳ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆದಿಲ್ಲ, ಆದರೆ ಇಂದಿನ ಹವ್ಯಾಸಿಗಳಲ್ಲಿ ಹೆಚ್ಚಿನವರನ್ನು ತಯಾರು ಮಾಡಿದ್ದು ಇದೇ. ಭಾರತದಲ್ಲೇ ಕಾರು ತಯಾರಿಸಬೇಕೆಂಬ ಯೋಜನೆಯನ್ನು 1930ರ ದಶಕದಲ್ಲಿ ಹಟಹಿಡಿದು ಮುಂದಿಟ್ಟವರಲ್ಲಿ ಪ್ರಮುಖರು ಸರ್ ಎಂ. ವಿಶ್ವೇಶ್ವರಯ್ಯ. ಅದಕ್ಕಾಗಿ ಅವರು ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದರು. ಅವರ ಜೊತೆ ನಿಂತ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಯೋಜನೆ ತಡವಾಯಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ತೆರೆದ ಅದೇ ವಾಲ್‌ಚಂದ್, 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅದಕ್ಕೆ ಎರಡು ವರ್ಷ ಮೊದಲು ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟರ್ಸ್ ಹುಟ್ಟಿತ್ತು.

ಬಿಡಿಭಾಗಗಳನ್ನು ತರಿಸಿ ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ ಎಂದು 1950ರ ದಶಕದ ಆರಂಭದಲ್ಲಿ ಸರ್ಕಾರ ತೀರ್ಮಾನಿಸಿತು. ಜನರಲ್ ಮೋಟರ್ಸ್, ಫೋರ್ಡ್ ಹೊರಟುಹೋದವು. ಉಳಿದ ಕಾರುಗಳು ಮುಖ್ಯವಾಗಿ ಮೂರು: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಆಧರಿಸಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್, ಮುಂಬೈಯ ಕುರ್ಲಾದಲ್ಲಿ ತಯಾರಾದ ಫಿಯಟ್ 1100, ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಹಣ ಕಟ್ಟಿದವರು ಫಿಯಟ್ಟಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗೆ ಬಂದ ಕಾರು ಸಹಜವಾಗಿಯೇ ಮನೆಯ ಸದಸ್ಯನಾಯಿತು. ಹೆಣ್ಣು ನೋಡಲು ಹೋದದ್ದು, ಹೆರಿಗೆಗೆ ಕರೆದೊಯ್ದದ್ದು, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದದ್ದು ಎಲ್ಲವೂ ಅದೇ ಕಾರಿನಲ್ಲಿ.

ಪೈಪೋಟಿ ಇಲ್ಲದ ಕಾರಣ ಈ ಕಾರುಗಳು ಹೆಚ್ಚು ಬದಲಾಗಲೂ ಇಲ್ಲ. ಫಿಯಟ್ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದರೂ 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಹಾಗೆಯೇ ಇದ್ದವು. 1950ರ ದಶಕದ ಕೊನೆಯ ಅಂಬಾಸಿಡರ್‌ಗೂ ಮೂವತ್ತು ವರ್ಷ ನಂತರದ ಅಂಬಾಸಿಡರ್‌ಗೂ ಮೈಕಟ್ಟಿನಲ್ಲಿ ಇದ್ದ ಅಂತರ ಅಲ್ಪ. ಕಾರು ಕೊಂಡ ಗ್ರಾಹಕನಿಗೆ ಇದು ಅನ್ಯಾಯವೇ. ಆದರೆ ಹಳೆ ಕಾರು ಉಳಿಸುವವರಿಗೆ ಇದೇ ವರವಾಯಿತು. ದಶಕಗಳ ಕಾಲ ಒಂದೇ ಬಗೆಯ ಬಿಡಿಭಾಗಗಳು ಲಕ್ಷಗಟ್ಟಲೆ ತಯಾರಾದವು. ಒಂದೇ ಎಂಜಿನ್ನನ್ನು ಬಿಚ್ಚಿ ಜೋಡಿಸುತ್ತ ಒಂದಿಡೀ ತಲೆಮಾರಿನ ಮೆಕ್ಯಾನಿಕ್‌ಗಳು ಪಳಗಿದರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಹಗುರ ಸ್ಟೇರಿಂಗ್, ಮುಂಜಾನೆಯ ಚಳಿಯಲ್ಲೂ ಒಂದೇ ಸಲಕ್ಕೆ ಹತ್ತಿಕೊಳ್ಳುವ ಎಂಜಿನ್, ಕಡಿಮೆ ಪೆಟ್ರೋಲು. ಹಳೆಯ ಕಾರುಗಳ ಬೆಲೆ ಬಿದ್ದುಹೋಯಿತು. ಹೆರಾಲ್ಡ್‌ಗಳು ಗಿಡಗಂಟಿಗಳ ನಡುವೆ ನಿಂತವು, ಫಿಯಟ್‌ಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು, ಅಂಬಾಸಿಡರ್‌ನದು 2014ರ ಮೇ ತಿಂಗಳಲ್ಲಿ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ, ಇಪ್ಪತ್ತು ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು.

ಇವು ಕಣ್ಮರೆಯಾಗತೊಡಗಿದಾಗಲೇ ಅವುಗಳ ಹುಡುಕಾಟವೂ ಶುರುವಾಯಿತು. ಹುಡುಕುವವರಲ್ಲಿ ಹಲವರು ಅಪ್ಪನ ಕಾರನ್ನು ಮಾರಿದ್ದಕ್ಕೆ ಮರುಗಿದವರು. ರಾಜರ ಕಾರುಗಳ ಸಾಲಿನಲ್ಲಿ ಮೇಷ್ಟರ ಫಿಯಟ್ಟು, ಡಾಕ್ಟರ ಹೆರಾಲ್ಡು ಬಂದು ನಿಲ್ಲುವಂತಾದದ್ದು ಈ ಹವ್ಯಾಸದ ದೊಡ್ಡ ಬೆಳವಣಿಗೆ. ಕರ್ನಾಟಕದಲ್ಲಿ ಧರ್ಮಸ್ಥಳದ ಕಾರು ಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯ ಇದನ್ನು ಸಾಮಾನ್ಯ ಪ್ರವಾಸಿಯ ಕಣ್ಣಿಗೂ ತಲುಪಿಸಿವೆ.

ಹಳೆ ಕಾರು ಕೊಳ್ಳುವಾಗ ಅನುಭವಿಗಳು ಮೊದಲು ನೋಡುವುದು ಕಾಗದಪತ್ರ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಪುಸ್ತಕದೊಂದಿಗೆ ತಾಳೆಯಾಗದಿದ್ದರೆ ಎಷ್ಟೇ ಚಂದದ ಕಾರಾದರೂ ಬಿಟ್ಟು ಬರುತ್ತಾರೆ. ಮಾಲೀಕರು ತೀರಿಕೊಂಡು ಕಾರು ಇನ್ನೂ ಅವರ ಹೆಸರಿನಲ್ಲೇ ಇದ್ದರೆ, ವಾರಸುದಾರರ ಸಹಿಗಳನ್ನು ಸೇರಿಸುವುದೇ ಎಂಜಿನ್ ಬಿಚ್ಚುವುದಕ್ಕಿಂತ ಕಷ್ಟದ ಕೆಲಸ. ಎರಡನೆಯದು ಮೈ. ಎಂಜಿನ್ನನ್ನು ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ ಮತ್ತೆ ಎಬ್ಬಿಸಬಹುದು. ತುಕ್ಕು ತಿಂದ ಮೈಗೆ ಹೊಸ ತಗಡು ಹೊಡೆದು ಸರಿಪಡಿಸುವುದು ನಿಧಾನದ, ದುಬಾರಿ ಕೆಲಸ. ಆದ್ದರಿಂದ ಕಾಲಿಡುವ ಜಾಗದ ಮ್ಯಾಟ್ ಎತ್ತಿ, ಬಾಗಿಲ ಕೆಳಗಿನ ಪಟ್ಟಿಗೆ, ಡಿಕ್ಕಿಯ ತಳಕ್ಕೆ ಕೈ ಹಾಕಿ ನೋಡುತ್ತಾರೆ. ಪುಟ್ಟಿ ತುಂಬಿ ಬಣ್ಣ ಬಳಿದ ಕಡೆ ಆಯಸ್ಕಾಂತ ಅಂಟುವುದಿಲ್ಲ. ಉಪ್ಪುಗಾಳಿಯ ಕರಾವಳಿಯಲ್ಲಿ ಓಡಿದ ಕಾರಿಗಿಂತ ಬಯಲುಸೀಮೆಯ ಒಣಹವೆಯಲ್ಲಿ ನಿಂತ ಕಾರಿಗೆ ಬೇಡಿಕೆ ಹೆಚ್ಚಿರುವುದು ಇದೇ ಕಾರಣಕ್ಕೆ. ಮೂರನೆಯದು ಕಳೆದುಹೋದ ಚಿಕ್ಕಪುಟ್ಟ ಭಾಗಗಳು. ಪಿಸ್ಟನ್ನು ಸಿಗುತ್ತದೆ, ಆದರೆ ಮೂಲ ಗ್ರಿಲ್, ಬಾಗಿಲ ಹಿಡಿ, ಲೈಟಿನ ರಿಂಗು, ಬಾನೆಟ್ ಮೇಲಿನ ಲಾಂಛನ ಸಿಗಲು ವರ್ಷಗಳೇ ಬೇಕಾಗಬಹುದು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲೂ ಜೆ.ಸಿ. ರಸ್ತೆಯ ಹಳೆಯ ಬಿಡಿಭಾಗದ ಅಂಗಡಿಗಳಲ್ಲೂ ಕಪಾಟಿನ ಮೂಲೆ ಕೆದಕಿಸುವ ತಾಳ್ಮೆ ಇದ್ದವರಿಗೆ ಮಾತ್ರ ಇದು ಒಗ್ಗುತ್ತದೆ.

ಕೊಂಡ ಮೇಲಿನ ಕೆಲಸದಲ್ಲಿ ದೊಡ್ಡ ನಿಯಮ ಒಂದೇ: ಕಾರು ಓಡುತ್ತಿರಬೇಕು. ನಿಂತ ಕಾರಿನ ಬ್ರೇಕ್ ಸಿಲಿಂಡರಿನಲ್ಲಿ ತೇವ ಸೇರಿ ಅದು ಹಿಡಿದುಕೊಳ್ಳುತ್ತದೆ, ಕಾರ್ಬುರೇಟರ್ ಒಳಗೆ ಪೆಟ್ರೋಲು ಆರಿ ಅಂಟಾಗುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಟೈರಿನ ಒಂದೇ ಭಾಗ ಭಾರ ಹೊತ್ತು ಚಪ್ಪಟೆಯಾಗುತ್ತದೆ. ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ಆರಿಸುವುದರಿಂದ ಸೈಲೆನ್ಸರಿನಲ್ಲಿ ನೀರು ನಿಂತು ಹಾನಿಯೇ ಹೆಚ್ಚು. ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವೆಲ್ಲ ಇಲ್ಲಿ ಮನುಷ್ಯನದು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸವೆಯುತ್ತವೆ, ಅವುಗಳ ನಡುವಿನ ಸಂದನ್ನು ಫೀಲರ್ ಗೇಜ್ ಇಟ್ಟು ಸರಿಮಾಡಬೇಕು. ಕಿಂಗ್‌ಪಿನ್ನಿಗೆ ತಪ್ಪದೆ ಗ್ರೀಸ್ ಹೊಡೆಯಬೇಕು. ಬೆಟ್ಟ ಹತ್ತುವಾಗ ರೇಡಿಯೇಟರ್ ಮುಳ್ಳಿನ ಮೇಲೆ ಕಣ್ಣಿಟ್ಟಿರಬೇಕು. ಡ್ರಮ್ ಬ್ರೇಕಿನ ಗಾಡಿ ತಕ್ಷಣ ನಿಲ್ಲುವುದಿಲ್ಲವೆಂದು ಗೊತ್ತಿದ್ದವರು ಮುಂದಿನ ವಾಹನದಿಂದ ದೂರ ಉಳಿಯುತ್ತಾರೆ. ಇಂಥ ಕಾರು ಕೊಟ್ಟ ಸುಳಿವುಗಳನ್ನು ಕಿವಿ, ಮೂಗು, ಅಂಗಾಲುಗಳಿಂದ ಗುರುತಿಸುವುದೇ ಈ ಹವ್ಯಾಸದ ನಿಜವಾದ ಸುಖ. ಅದು ಹಣ ಕೊಟ್ಟು ಬರುವಂಥದ್ದಲ್ಲ.

ಇಂಧನವೂ ಬದಲಾಗಿದೆ. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಅದು ಎಂಜಿನ್ನಿನ ವಾಲ್ವ್ ಸೀಟುಗಳ ಮೇಲೆ ತೆಳುಪದರವಾಗಿ ಕೂತು ಸವೆತ ತಡೆಯುತ್ತಿತ್ತು. ಆರೋಗ್ಯಕ್ಕೆ ಮಾರಕವಾದ ಸೀಸವನ್ನು 2000ದಲ್ಲಿ ದೇಶದಾದ್ಯಂತ ಕೈಬಿಟ್ಟದ್ದು ಸರಿಯಾಗಿಯೇ ಆಯಿತು. ಹಳೆಯ ಎಂಜಿನ್ ತೆರೆದಾಗ ಗಟ್ಟಿ ಲೋಹದ ಸೀಟು ಕೂರಿಸುವುದು ಇದಕ್ಕೆ ಪರಿಹಾರ. ಈಗಿನ ತಲೆನೋವು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಗಸಿಯನ್ನು ಕದಡಿ ಕಾರ್ಬುರೇಟರಿಗೆ ಕಳಿಸುತ್ತದೆ. ಪೈಪು, ಸೀಲುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ, ಹೆಚ್ಚು ದಿನ ಕಾರು ನಿಲ್ಲಿಸುವಾಗ ಕಾರ್ಬುರೇಟರ್ ಖಾಲಿ ಮಾಡುವ ಪದ್ಧತಿ ಆಸಕ್ತರಲ್ಲಿ ಬಂದಿದೆ.

ಕಾರನ್ನು ಎಷ್ಟರಮಟ್ಟಿಗೆ ಮೂಲದಂತೆ ಇಡಬೇಕು ಎಂಬುದರಲ್ಲಿ ಆಸಕ್ತರ ಅಭಿಪ್ರಾಯ ಒಡೆದಿದೆ. ಕಾರ್ಖಾನೆಯಿಂದ ಬಂದಂತೆ, ಬಣ್ಣದ ಛಾಯೆಯೂ ತಪ್ಪದಂತೆ ಪೂರ್ತಿ ಹೊಸದಾಗಿಸುವವರು ಒಂದು ಗುಂಪು. ಮಾಸಿದ ಬಣ್ಣ, ಸವೆದ ಸೀಟು ಕಾರಿನ ಚರಿತ್ರೆಯೇ ಆದ್ದರಿಂದ ಅದನ್ನು ಅಳಿಸಬಾರದು ಎನ್ನುವವರು ಮತ್ತೊಂದು ಗುಂಪು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಒಲವು ಈ ಎರಡನೆಯವರ ಕಡೆಗಿದೆ. ಮೂರನೆಯವರು ಅಂಬಾಸಿಡರಿಗೆ ಡಿಸ್ಕ್ ಬ್ರೇಕ್, ಏಸಿ, ಬೇರೆ ಎಂಜಿನ್ ಹಾಕಿಸಿ ದಿನವೂ ಓಡಿಸುತ್ತಾರೆ. ರಸ್ತೆಯಲ್ಲಿ ಸುರಕ್ಷತೆ ಮುಖ್ಯ ಎಂಬ ಅವರ ವಾದದಲ್ಲಿ ಹುರುಳಿದೆ. ಆದರೂ ಮತ್ತೆ ಬಿಚ್ಚಿ ಮೊದಲಿನಂತಾಗಿಸಬಹುದಾದ ಬದಲಾವಣೆಗೂ ಚಾಸಿಯನ್ನೇ ಕತ್ತರಿಸುವುದಕ್ಕೂ ವ್ಯತ್ಯಾಸವಿದೆ. ತೆಗೆದ ಮೂಲ ಭಾಗಗಳನ್ನು ಮಾರದೆ ಡಬ್ಬಿಯಲ್ಲಿ ಹೆಸರು ಬರೆದಿಟ್ಟವರು ಮುಂದಿನ ಮಾಲೀಕನಿಗೂ ಉಪಕಾರ ಮಾಡಿದಂತೆ.

ಎಲ್ಲಕ್ಕಿಂತ ಬೇಗ ಮುಗಿಯುತ್ತಿರುವುದು ಬಿಡಿಭಾಗವಲ್ಲ, ಕೆಲಸ ಬಲ್ಲ ಕೈಗಳು. ಶಬ್ದ ಕೇಳಿ ಟ್ಯಾಪೆಟ್ ಹೊಂದಿಸುವ, ಸುತ್ತಿಗೆ ಮತ್ತು ಮರದ ಅಚ್ಚಿನಿಂದ ಮಡ್‌ಗಾರ್ಡಿನ ಬಳುಕು ತರುವ ಟಿಂಕರಿಂಗ್ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಅವರ ಮಕ್ಕಳಲ್ಲಿ ಈ ಕಸುಬಿಗೆ ಬಂದವರು ಕಡಿಮೆ. ಕ್ಲಬ್ಬುಗಳು ರ‍್ಯಾಲಿಗಳಿಗೆ ಹಾಕುವ ಶ್ರಮದಲ್ಲಿ ಒಂದು ಪಾಲನ್ನು ಈ ವಿದ್ಯೆ ಕಲಿಸಲು, ವಿಡಿಯೊದಲ್ಲಿ ದಾಖಲಿಸಲು ಕೊಡಬೇಕಾದ ಕಾಲ ಇದು.

ಕಾನೂನು ತೀರಾ ಇತ್ತೀಚೆಗೆ ಈ ಕಡೆ ನೋಡಿದೆ. ಖಾಸಗಿ ಕಾರಿಗೆ 15 ವರ್ಷದ ನಂತರ ನೋಂದಣಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ದೆಹಲಿ ಪ್ರದೇಶದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಕಾರುಗಳ ಮೇಲೆ ಬಂದ ನಿರ್ಬಂಧ ಅಲ್ಲಿನ ಸಂಗ್ರಾಹಕರನ್ನು ಕಂಗೆಡಿಸಿತ್ತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಕಾರು, ಬೈಕುಗಳಿಗೆ 'ವಿಎ' ಅಕ್ಷರಗಳುಳ್ಳ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ಓಡಿಸಿದಷ್ಟೂ ಬಾಳುವ ಯಂತ್ರಗಳಿಗೆ ಈ ಕಟ್ಟುಪಾಡು ತುಸು ಬಿಗಿಯಾಯಿತೆಂಬ ಅಸಮಾಧಾನ ನ್ಯಾಯವಾದದ್ದು.

ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದೂ ಈ ನಿಯಮದ ಷರತ್ತು. 1974ರ ಪದ್ಮಿನಿಗಳು ಈಗಾಗಲೇ 50 ದಾಟಿ ಇದರ ವ್ಯಾಪ್ತಿಗೆ ಬಂದಿವೆ. ಅವನ್ನೆಲ್ಲ ಹಿಂದೆ ಹಾಕಿದ ಮಾರುತಿ 800ರ ಮೊದಲ ಕಾರುಗಳಿಗೆ 2033ರ ಡಿಸೆಂಬರಿನಲ್ಲಿ 50 ತುಂಬುತ್ತದೆ. ಅವುಗಳ ಮೂಲ ಬಂಪರ್, ಡ್ಯಾಶ್‌ಬೋರ್ಡ್, 796 ಸಿಸಿ ಎಂಜಿನ್ನುಗಳನ್ನು ಕೂಡಿಡುವವರು ಈಗಲೇ ಗುಜರಿ ಅಂಗಡಿಗಳನ್ನು ಸುತ್ತತೊಡಗಬೇಕು.