ಗೋದಾಮು ದೊಡ್ಡದಾದರೆ ಸಾಲದು
(ಜಿ.ಟಿ. 710 ಮತ್ತು ಜಿ.ಟಿ. 730 ಗ್ರಾಫಿಕ್ಸ್ ಕಾರ್ಡುಗಳ ಹೋಲಿಕೆ)



ಹೋದ ತಿಂಗಳು ನಮ್ಮ ವಾಚನಾಲಯದಲ್ಲಿ ಒಂದು ಚರ್ಚೆ ನಡೆಯಿತು. ಎರ್ನಾಕುಲಂನಲ್ಲಿ ಗುಮಾಸ್ತರಾಗಿರುವ ನಮ್ಮ ಸದಸ್ಯರೊಬ್ಬರೂ, ತಿರುವನಂತಪುರದಲ್ಲಿ ಹೋಟೆಲು ಕೆಲಸದಲ್ಲಿರುವ ಅವರ ತಮ್ಮನೂ ತಮ್ಮ ತಮ್ಮ ಮಕ್ಕಳ ಹಳೆಯ ಕಂಪ್ಯೂಟರಿಗೆಂದು ಬಳಸಿದ ಗ್ರಾಫಿಕ್ಸ್ ಕಾರ್ಡು ಕೊಂಡಿದ್ದರು. ಎರಡರ ಮೇಲೂ ‘ಜಿಫೋರ್ಸ್ ಜಿ.ಟಿ. 730’ ಎಂದೇ ಅಚ್ಚಾಗಿತ್ತು. ಅಣ್ಣನದು 4 ಜಿ.ಬಿ., ತಮ್ಮನದು 2 ಜಿ.ಬಿ. ಹೆಚ್ಚು ಹಣ ಕೊಟ್ಟವರು ಅಣ್ಣ. ಆದರೂ ಒಂದೇ ಆಟ ತಮ್ಮನ ಮನೆಯಲ್ಲಿ ಸರಾಗವಾಗಿ ಓಡುತ್ತದೆ, ಅಣ್ಣನ ಮನೆಯಲ್ಲಿ ಮುಗ್ಗರಿಸುತ್ತದೆ. ಅಂಗಡಿಯವನನ್ನು ಕೇಳಿದ್ದಕ್ಕೆ, “ನಿಮ್ಮದೇ ದೊಡ್ಡ ಕಾರ್ಡು ಸಾರ್” ಎಂದನಂತೆ.

ಒಂದು ವಾರದ ಸಂಬಳ ಕೈಬಿಟ್ಟ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು. ಆದುದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ನಾನು ನೂಲಿನ ಗಿರಣಿಯ ಗುಮಾಸ್ತ. ಗಿರಣಿಯ ಲೆಕ್ಕದಲ್ಲೇ ಹೇಳಿದರೆ ನನಗೂ ಸುಲಭ, ನಿಮಗೂ ಸುಲಭ.

ಗ್ರಾಫಿಕ್ಸ್ ಕಾರ್ಡನ್ನು ಒಂದು ಗಿರಣಿ ಎಂದು ತಿಳಿಯಿರಿ. ತೆರೆಯ ಮೇಲಿನ ಚಿತ್ರವೇ ಅದು ತೆಗೆಯುವ ನೂಲು. ಅದರೊಳಗಿನ ‘ಕೋರು’ಗಳು ಕದಿರುಗಳಿದ್ದಂತೆ. ಅದರ ಮೆಮೊರಿ ಹತ್ತಿಯ ಗೋದಾಮು, 2 ಜಿ.ಬಿ., 4 ಜಿ.ಬಿ. ಎಂಬುದು ಆ ಗೋದಾಮಿನ ಅಳತೆ ಮಾತ್ರ. ಗೋದಾಮಿನಿಂದ ಕದಿರಿಗೆ ಹತ್ತಿ ಸಾಗುವ ಬಾಗಿಲಿನ ಅಗಲಕ್ಕೆ ‘ಬಸ್ ವಿಡ್ತ್’ ಎಂದು ಹೆಸರು. ಅದನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ. ಹೊರೆ ಹೊರುವ ಆಳಿನ ಚುರುಕು ಮೆಮೊರಿಯ ಜಾತಿಯನ್ನು ಅವಲಂಬಿಸಿದೆ: ಡಿ.ಡಿ.ಆರ್. 3 ನಿಧಾನ, ಜಿ.ಡಿ.ಡಿ.ಆರ್. 5 ಚುರುಕು. ಗೋದಾಮು ಎಷ್ಟೇ ದೊಡ್ಡದಿರಲಿ, ಬಾಗಿಲು ಕಿರಿದಾಗಿ ಆಳು ನಿಧಾನವಾದರೆ ಕದಿರುಗಳು ಸುಮ್ಮನೆ ಕಾಯುತ್ತಾ ನಿಲ್ಲುತ್ತವೆ.

ಎನ್ವಿಡಿಯ ಕಂಪನಿಯು ಜಿ.ಟಿ. 730 ಕಾರ್ಡನ್ನು 2014ರಲ್ಲಿಯೂ, ಜಿ.ಟಿ. 710 ಕಾರ್ಡನ್ನು 2016ರಲ್ಲಿಯೂ ಅಂಗಡಿಗಳಿಗೆ ತಂದಿತು. ತೊಡಕೆಂದರೆ, 730 ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಸರಕು ಮಾರಾಟವಾಯಿತು. ಅವುಗಳ ವಿವರ ಹೀಗಿದೆ:

ಜಿ.ಟಿ. 730, ಮೊದಲ ಬಗೆ: 96 ಕೋರು, 128 ಬಿಟ್, ಡಿ.ಡಿ.ಆರ್. 3, ವಿದ್ಯುತ್ತು 49 ವಾಟ್.
ಜಿ.ಟಿ. 730, ಎರಡನೆಯ ಬಗೆ: 384 ಕೋರು, 64 ಬಿಟ್, ಡಿ.ಡಿ.ಆರ್. 3, ವಿದ್ಯುತ್ತು 23 ವಾಟ್.
ಜಿ.ಟಿ. 730, ಮೂರನೆಯ ಬಗೆ: 384 ಕೋರು, 64 ಬಿಟ್, ಜಿ.ಡಿ.ಡಿ.ಆರ್. 5.
ಜಿ.ಟಿ. 710: 192 ಕೋರು, 64 ಬಿಟ್, ಹೆಚ್ಚಾಗಿ ಡಿ.ಡಿ.ಆರ್. 3, ವಿದ್ಯುತ್ತು 19 ವಾಟ್.

ಇನ್ನು ಸಾಗಣೆಯ ಲೆಕ್ಕ. ಡಿ.ಡಿ.ಆರ್. 3ರ ವೇಗವನ್ನು 1.8 ಎಂದೂ ಜಿ.ಡಿ.ಡಿ.ಆರ್. 5ರ ವೇಗವನ್ನು 5 ಎಂದೂ ಹಿಡಿಯಿರಿ. ಅದನ್ನು ಬಿಟ್ಟುಗಳಿಂದ ಗುಣಿಸಿ, 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಜಿ.ಬಿ. ಸಾಗುತ್ತದೆಂಬುದು ಸಿಗುತ್ತದೆ. ಮೊದಲ ಬಗೆಯ 730ಕ್ಕೆ 28.8, ಎರಡನೆಯದಕ್ಕೆ 14.4, ಮೂರನೆಯದಕ್ಕೆ 40. ಡಿ.ಡಿ.ಆರ್. 3 ಇರುವ 710ಕ್ಕೂ ಅದೇ 14.4. ಅಂದರೆ ಎರಡನೆಯ ಬಗೆಯ 730ರಲ್ಲಿ 710ರ ಎರಡರಷ್ಟು ಕದಿರುಗಳಿದ್ದರೂ ಬಾಗಿಲು ಒಂದೇ ಅಳತೆಯದು, ಕೆಲಸ ಎರಡರಷ್ಟಾಗುವುದಿಲ್ಲ.

ಅಣ್ಣನ ಪೆಟ್ಟಿಗೆಯಲ್ಲಿದ್ದದ್ದು ಮೊದಲ ಬಗೆ, ತಮ್ಮನದು ಮೂರನೆಯದು. ಮೊದಲ ಬಗೆಯದು ‘ಫರ್ಮಿ’ ಎಂಬ ಹಿಂದಿನ ತಲೆಮಾರಿನ ಯಂತ್ರ. ಉಳಿದವೆಲ್ಲ ‘ಕೆಪ್ಲರ್’ ತಲೆಮಾರಿನವು. ಎರಡರ ಕೋರುಗಳ ರಚನೆ ಬೇರೆಯಾದ್ದರಿಂದ 96ಕ್ಕೂ 384ಕ್ಕೂ ನೇರವಾಗಿ ನಾಲ್ಕರಷ್ಟು ಎನ್ನಲಾಗದು; ಆದರೂ ಗೆಲುವು ತಮ್ಮನ ಕಡೆಗೇ. ಅಣ್ಣ ಕೊಂಡದ್ದು ದೊಡ್ಡ ಗೋದಾಮನ್ನು, ತಮ್ಮ ಕೊಂಡದ್ದು ಒಳ್ಳೆಯ ಗಿರಣಿಯನ್ನು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅದಕ್ಕಿಂತ ಮೊದಲು, ಕೊಳ್ಳಬೇಕೇ ಎಂದು ಕೇಳಿಕೊಳ್ಳಿ. ಕನ್ನಡ ಬೆರಳಚ್ಚು, ಊರಿಗೆ ಪತ್ರ, ಮಕ್ಕಳ ಪಾಠ, ರೈಲು ಟಿಕೇಟು ಇವಕ್ಕೆ ಬೇರೆ ಕಾರ್ಡು ಬೇಡ; ಬಹುಪಾಲು ಇಂಟೆಲ್ ಪ್ರೊಸೆಸರುಗಳಲ್ಲಿ ಚಿತ್ರ ತೋರಿಸುವ ಭಾಗ ಒಳಗೇ ಇರುತ್ತದೆ. ಯೂಟ್ಯೂಬಿಗೂ ಈ ಕಾರ್ಡುಗಳಿಂದ ದೊಡ್ಡ ಉಪಕಾರವಿಲ್ಲ. ಅದು ಈಗ ಹೆಚ್ಚಾಗಿ ಬಳಸುವ ವಿ.ಪಿ. 9, ಎ.ವಿ. 1 ಎಂಬ ವಿಡಿಯೋ ಬಗೆಗಳನ್ನು ಬಿಡಿಸುವ ಯಂತ್ರಭಾಗ 710ರಲ್ಲೂ ಇಲ್ಲ, 730ರಲ್ಲೂ ಇಲ್ಲ. ಇಂಟೆಲಿನ ಏಳನೆಯ ತಲೆಮಾರಿನ ಪ್ರೊಸೆಸರು ವಿ.ಪಿ. 9 ಅನ್ನು ತಾನೇ ಬಿಡಿಸಬಲ್ಲದು. ಅಂಥ ಕಂಪ್ಯೂಟರಿಗೆ ವಿಡಿಯೋ ನೋಡಲೆಂದು 710 ಹಾಕಿಸುವುದು ಹಣ ಕೊಟ್ಟು ಹಿಂದಕ್ಕೆ ಹೋದಂತೆ. ಕಂಪ್ಯೂಟರು ಒಟ್ಟಾರೆ ನಿಧಾನವೆಂದಾದರೆ ಆ ಹಣವನ್ನು ಎಸ್.ಎಸ್.ಡಿ.ಗೆ ಹಾಕಿ.

ಕಂಪ್ಯೂಟರಿನ ಸ್ವಂತ ಚಿತ್ರಭಾಗ ಕೆಟ್ಟಿದ್ದರೆ, ಅಥವಾ ಎರಡನೆಯ ತೆರೆ ಬೇಕಾದರೆ, 710 ಧಾರಾಳವಾಗಿ ಸಾಕು. ಅದು ಕಡಿಮೆ ವಿದ್ಯುತ್ತು ತಿನ್ನುತ್ತದೆ, ಪ್ರತ್ಯೇಕ ವಿದ್ಯುತ್ ತಂತಿ ಬೇಡ. ಹಳೆಯ ಸಣ್ಣಪುಟ್ಟ ಆಟಗಳ ಆಸೆಯಿದ್ದರೆ ಮೂರನೆಯ ಬಗೆಯ 730 ಒಂದೇ ಕೊಳ್ಳತಕ್ಕದ್ದು.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ. ಫರ್ಮಿ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರು ಕೊಡುವುದು 2018ರಲ್ಲೇ ನಿಂತಿತು. ಕೆಪ್ಲರ್‌ಗೆ ಹೊಸ ಆಟಗಳ ಡ್ರೈವರು 2021ರಲ್ಲಿ ನಿಂತು, ಭದ್ರತೆಯ ತಿದ್ದುಪಡಿಗೆ 2024ರ ಸೆಪ್ಟೆಂಬರನ್ನು ಗಡುವೆಂದು ಕಂಪನಿಯೇ ಸಾರಿತು. ಕೇರಳದ ಶಾಲೆಗಳಲ್ಲಿ ಬಳಸುವಂಥ ಲಿನಕ್ಸ್ ಹಾಕಿಕೊಂಡವರಿಗೆ ‘ನೂವೋ’ ಎಂಬ ಮುಕ್ತ ಡ್ರೈವರು ಇದೆ. ಆದರೆ ಅದರಲ್ಲಿ ಕಾರ್ಡು ಪೂರ್ಣ ವೇಗದಲ್ಲಿ ಓಡದಿರಬಹುದು. ಹಾಗಾಗಿ ಇವು ಮುಂದಿನ ಹತ್ತು ವರ್ಷದ ಸರಕಲ್ಲ. ಬೆಲೆ ಮಾತಾಡುವಾಗ ಇದು ನೆನಪಿರಲಿ.

ಕೊಳ್ಳುವಾಗ ಪೆಟ್ಟಿಗೆಯನ್ನು ನಂಬಬೇಡಿ, ಸ್ಟಿಕ್ಕರನ್ನೂ ನಂಬಬೇಡಿ. ಅಂಗಡಿಯ ಕಂಪ್ಯೂಟರಿನಲ್ಲೇ ಕಾರ್ಡನ್ನು ಹಾಕಿಸಿ, ‘ಜಿ.ಪಿ.ಯು.-ಝಡ್’ ಎಂಬ ಉಚಿತ ತಂತ್ರಾಂಶವನ್ನು ತೆರೆಯಲು ಹೇಳಿ. ಅದರಲ್ಲಿ ಶೇಡರ್ಸ್, ಮೆಮೊರಿ ಟೈಪ್, ಬಸ್ ವಿಡ್ತ್ ಎಂಬ ಮೂರು ಮನೆಗಳನ್ನು ಓದಿ, ಮೇಲಿನ ಪಟ್ಟಿಯೊಂದಿಗೆ ತಾಳೆ ನೋಡಿ. ಬೇರೆ ಹೆಸರು ಬರೆದು ಮಾರುವ ಅನೇಕ ಖೋಟಾ ಕಾರ್ಡುಗಳನ್ನೂ ಅದು ಗುರುತಿಸುತ್ತದೆ. ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ, ಅದರಲ್ಲಿ ನಾಚಿಕೆಯೇನಿಲ್ಲ. ಮಲಯಾಳ ಸರಿಯಾಗಿ ಬಾರದವರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು, ಅಂಕಿಗೆ ಭಾಷೆಯ ತೊಡಕಿಲ್ಲ.

ಅಣ್ಣನ ಕಾರ್ಡನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಅದನ್ನು ವಾಚನಾಲಯದ ಕಂಪ್ಯೂಟರಿಗೆ ಕೊಟ್ಟಿದ್ದಾರೆ. ಅದರ ಚಿತ್ರಭಾಗ ಕೆಟ್ಟು ಆರು ತಿಂಗಳಾಗಿತ್ತು. ಈಗ ಪತ್ರಿಕೆ ಓದಲು ಚೆನ್ನಾಗಿ ಸಾಗುತ್ತಿದೆ. ಮೇಲಿನ ಪಟ್ಟಿಯನ್ನು ಅದರ ಪಕ್ಕದಲ್ಲೇ ಅಂಟಿಸಿದ್ದೇನೆ. ಭಾನುವಾರ ಸಂಜೆ ನಾನು ಅಲ್ಲಿಯೇ ಇರುತ್ತೇನೆ. ಹಣ ಕೊಡುವ ಮೊದಲು ಒಮ್ಮೆ ಬಂದು ನೋಡಿ ಹೋಗಿ.